ಏಳು ಮನೆಯ ಊರು

ಪತ್ರ: ಕಳೆದ ಸಂಚಿಕೆಯಲ್ಲಿ ನಾನು ಕಳಿಸಿದ ಕಾಲುಸಂಕದ (ಹಳ್ಳ ದಾಟಲು ಹಾಕಿದ ಕಿರುಸೇತುವೆಯ) ಚಿತ್ರ ಹಾಕಿ, ಕೆಳಗೆ ‘ಮಲೆನಾಡಿನ ಒಂದು ಕುಗ್ರಾಮ’ ಎಂದು ಬರೆದಿದ್ದೀರಿ. ನಮ್ಮಲ್ಲಿರುವುದು ಏಳೇ ಮನೆ, ನಿಜ. ಅಷ್ಟಕ್ಕೇ ಕೆಟ್ಟ ಊರಾಯಿತೇ? ಕಂದಾಯದವರು ‘ಮಜರೆ’ ಎನ್ನುತ್ತಾರೆ. ಯಾವುದು ಸರಿ?
(ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು)

ಸಂಪಾದಕರ ಉತ್ತರ: ತಪ್ಪು ನಮ್ಮದು. ಆ ಅಡಿಬರಹವನ್ನು ಅಚ್ಚಿಗೆ ಬಿಟ್ಟವನು ನಾನೇ. ಕ್ಷಮಿಸಿ.

ದೂರದ ಸಣ್ಣ ಹಳ್ಳಿ ಎಂಬ ಅರ್ಥದಲ್ಲಿ ಪತ್ರಿಕೆಯವರು ‘ಕುಗ್ರಾಮ’ ಪದವನ್ನು ಬಳಸುತ್ತಲೇ ಬಂದಿದ್ದೇವೆ. ಆದರೆ ಕುತಂತ್ರ, ಕುಖ್ಯಾತಿ, ಕುಕೃತ್ಯಗಳ ‘ಕು’ವೇ ಇಲ್ಲೂ ಇದೆ. ಸಂಸ್ಕೃತದ ಹಳೆಯ ಸುಭಾಷಿತವೊಂದು ಕುಗ್ರಾಮವಾಸವನ್ನು ಕುಭೋಜನದ ಪಂಕ್ತಿಯಲ್ಲಿ ಕೂರಿಸಿ, ಬೆಂಕಿಯಿಲ್ಲದೆಯೇ ಮೈ ಸುಡುವ ಸಂಗತಿಗಳಲ್ಲಿ ಒಂದು ಎನ್ನುತ್ತದೆ. ಗಟ್ಟಿ ಸೇತುವೆ ಕಟ್ಟಿಸದವರ ಕೊರತೆಯನ್ನು ಊರಿನ ತಲೆಗೆ ಕಟ್ಟುವ ಪದ ಇದು. ನಮ್ಮ ಪುಟಗಳಲ್ಲಿ ಇನ್ನು ಬರುವುದಿಲ್ಲ.

‘ಮಜರೆ’ಯಲ್ಲಿ ಅಂಥ ಕಹಿ ಇಲ್ಲ. ಬಿತ್ತುವ ನೆಲ ಎಂಬ ಅರ್ಥದ ಅರಬಿಯ ‘ಮಜ್ರಾ’ ಪಾರಸಿ ಕಡತಗಳ ದಾರಿ ಹಿಡಿದು ಕಂದಾಯ ಕಚೇರಿಗೆ ಬಂದಿತು. ಮೂಲ ಗ್ರಾಮಕ್ಕೆ ಸೇರಿದ ಉಪವಸತಿ ಎಂದು ಈಗಿನ ಅರ್ಥ. ಜನಗಣತಿ ಎಣಿಸುವುದು ಕಂದಾಯ ಗ್ರಾಮವನ್ನು. ಮಜರೆಯ ಜನ ಅದರ ಲೆಕ್ಕದೊಳಗೆ ಕರಗಿಹೋಗುತ್ತಾರೆ. ಹಾಗೆಂದು ಅರ್ಜಿ ಬರೆಯುವಾಗ ಈ ಪದವನ್ನು ಬಿಡಬೇಡಿ. ತಾಂಡಾ, ಹಟ್ಟಿ, ಹಾಡಿಗಳ ಜೊತೆ ಮಜರೆಯನ್ನೂ ಕಂದಾಯ ಗ್ರಾಮವಾಗಿಸಲು ನಮ್ಮ ರಾಜ್ಯದಲ್ಲಿ ಅವಕಾಶವಿದೆ. (ಹಾಡಿ ಎಂದರೆ ಮೈಸೂರು, ಕೊಡಗಿನ ಕಡೆ ಗಿರಿಜನರ ಊರು, ನಮ್ಮಲ್ಲಿ ಮರಗಿಡಗಳ ಸಣ್ಣ ಕಾಡು. ಹೊರಗಿನಿಂದ ಬಂದ ಅಧಿಕಾರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.)

ಆದರೆ ಜಗಲಿಯಲ್ಲಿ ಕೂತು ಕವಳ (ಎಲೆ ಅಡಿಕೆ) ಹಾಕುವಾಗ ಯಾರೂ ‘ನಮ್ಮ ಮಜರೆ’ ಎನ್ನುವುದಿಲ್ಲ. ಮಲೆನಾಡಿನಲ್ಲಿ ಒಂದೇ ಮನೆ ಇದ್ದರೂ ಅದು ಊರು. ಬಯಲುಸೀಮೆಯಂತೆ ಗೋಡೆಗೆ ಗೋಡೆ ತಾಗಿಸಿ ಬದುಕಲು ಇಲ್ಲಿಯ ನೆಲ ಬಿಡುವುದಿಲ್ಲ. ಅಡಿಕೆಗೆ ನೀರಿರುವ ಕಣಿವೆ ಬೇಕು, ತೋಟದ ಗೊಬ್ಬರಕ್ಕೆ ಸೊಪ್ಪಿನ ಬೆಟ್ಟ ಬೇಕು, ಭತ್ತಕ್ಕೆ ಗದ್ದೆ ಬೇಕು. ಇವು ಕೂಡಿ ಬಂದ ಕಡೆ ಮನೆ ಎದ್ದಿತು, ಹೆಸರಿನ ತುದಿಗೆ ಮನೆ, ಗದ್ದೆ, ಬೈಲು, ಕೊಪ್ಪ ಎಂದು ಸೇರಿಕೊಂಡಿತು. ಎರಡು ಕೇರಿ ಎಂಬ ಅರ್ಥದ ಇಕ್ಕೇರಿ ಕೆಳದಿ ಅರಸರ ರಾಜಧಾನಿಯೇ ಆಯಿತು.

ನಿಮ್ಮೂರಿನ ಹೆಸರು ‘ಕೊಡಿಗೆ’ ಎಂದು ಮುಗಿಯುತ್ತದೆ. ಶಾಸನಗಳಲ್ಲಿ ಕೊಡಗೆ ಎಂದರೆ ದತ್ತಿಯಾಗಿ ಬಿಟ್ಟ ಭೂಮಿ. ಯಾರೋ ಒಬ್ಬರು ಇನ್ನೊಬ್ಬರಿಗೆ ಮನಸಾರೆ ಕೊಟ್ಟ ನೆಲವನ್ನು ನಾವು ಕುಗ್ರಾಮ ಎಂದುಬಿಟ್ಟೆವು.

ಪತ್ರ ಓದಿದ ಮೇಲೆ ನಿಮ್ಮ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಸಂಕದ ಆಚೆ ಹಲಸಿನ ಮರಕ್ಕೆ ಮೊಳೆ ಹೊಡೆದ ತಗಡಿದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಊರಿನ ಹೆಸರು. ಜಾಗ ಸಾಲದೆ ಕೊನೆಯ ‘ಗೆ’ ಕೆಳಗಿಳಿದಿದೆ. ಪುಟಕ್ಕೆ ಹೊಂದಿಸುವಾಗ ನಾವು ಕತ್ತರಿಸಿದ್ದು ಆ ಭಾಗವನ್ನೇ. ಮುಂದಿನ ಸಂಚಿಕೆಯಲ್ಲಿ ಚಿತ್ರವನ್ನು ಪೂರ್ತಿಯಾಗಿ, ಅಡಿಬರಹವಿಲ್ಲದೆ ಅಚ್ಚು ಹಾಕುತ್ತೇವೆ.