ಹಲ್ಲಿನ ಸೆಟ್ ತೆಗೆದಿಟ್ಟ ಮುದುಕ: ವಾಲ್ಟರ್ ಬ್ರೆನನ್ ಕುರಿತು ಓದುಗರ ಪ್ರಶ್ನೆಗಳು

ಹಾಲಿವುಡ್ಡಿನ ಪೋಷಕ ನಟ ವಾಲ್ಟರ್ ಬ್ರೆನನ್ (1894–1974) ಬಗ್ಗೆ ಹೋದ ಸಂಚಿಕೆಯಲ್ಲಿ ಅರ್ಧ ಪುಟದ ಪರಿಚಯ ಹಾಕಿದ್ದೆವು. ನಾಯಕನ ಪಕ್ಕದಲ್ಲಿ ಗೊಣಗುತ್ತ, ಕುಂಟುತ್ತ ನಿಲ್ಲುವ ಬೊಚ್ಚುಬಾಯಿಯ ಮುದುಕನೆಂದೇ ಬಹಳ ಜನ ಅವರನ್ನು ಬಲ್ಲರು. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಮೂರು ಆಸ್ಕರ್ ಅಂತ ಬರೆದಿದ್ದೀರಿ. ಯಾವ ಯಾವ ಚಿತ್ರಕ್ಕೆ? ಎಕ್ಸ್‌ಟ್ರಾ ಕಲಾವಿದರ ಮತದಿಂದಲೇ ಅವರು ಗೆದ್ದರು ಅನ್ನುವುದು ನಿಜವೇ? — ತುಮಕೂರಿನ ಓದುಗರು

1936ರ ‘ಕಮ್ ಆ್ಯಂಡ್ ಗೆಟ್ ಇಟ್’, 1938ರ ‘ಕೆಂಟಕಿ’, 1940ರ ‘ದಿ ವೆಸ್ಟರ್ನರ್’. ಪೋಷಕ ನಟರಿಗೆ ಬೇರೆ ಪ್ರಶಸ್ತಿ ಕೊಡಲು ಶುರು ಮಾಡಿದ್ದೇ 1936ರ ಚಿತ್ರಗಳಿಂದ. ಮೊದಲ ವರ್ಷವೇ ಅದು ಬ್ರೆನನ್ ಪಾಲಾಯಿತು. ಆಗ ಪೋಷಕ ಕಲಾವಿದರಿಗೆ ಚಿನ್ನದ ಬಣ್ಣದ ಆ ಪೂರ್ತಿ ಬೊಂಬೆ ಸಿಗುತ್ತಿರಲಿಲ್ಲ, ಫಲಕ ಕೊಡುತ್ತಿದ್ದರು. ಪೂರ್ತಿ ಬೊಂಬೆ ಬಂದದ್ದು 1944ರ ಸಮಾರಂಭದಿಂದ. ಹಾಗಾಗಿ ಬ್ರೆನನ್ ಮೂರೂ ಸಲ ಮನೆಗೆ ಒಯ್ದದ್ದು ಫಲಕವನ್ನೇ. 1941ರ ‘ಸಾರ್ಜೆಂಟ್ ಯಾರ್ಕ್’ ಚಿತ್ರದ ಪಾದ್ರಿ ಪಾತ್ರಕ್ಕೆ ನಾಲ್ಕನೆಯ ಸಲ ಹೆಸರು ಬಂತು, ಆದರೆ ಪ್ರಶಸ್ತಿ ಡೊನಾಲ್ಡ್ ಕ್ರಿಸ್ಪ್ ಅವರಿಗೆ ಹೋಯಿತು. ಪೋಷಕ ನಟ ವಿಭಾಗದಲ್ಲೇ ಮೂರು ಸಲ ಗೆದ್ದವರು ಇವತ್ತಿಗೂ ಬ್ರೆನನ್ ಒಬ್ಬರೇ.

ಎಕ್ಸ್‌ಟ್ರಾಗಳ ಮತದ ಮಾತಿನಲ್ಲಿ ಹುರುಳಿದೆ. 1930ರ ದಶಕದ ಕೊನೆಯ ಹೊತ್ತಿಗೆ ಗುಂಪಿನ ದೃಶ್ಯಗಳಲ್ಲಿ ನಿಲ್ಲುವ ಸಾವಿರಾರು ಎಕ್ಸ್‌ಟ್ರಾಗಳಿಗೂ ಆಸ್ಕರ್‌ಗೆ ಮತ ಹಾಕುವ ಹಕ್ಕಿತ್ತು. ಬ್ರೆನನ್ ಅದೇ ಸಾಲಿನಿಂದ ಮೇಲೆ ಬಂದವರು, ಅವರಿಗೆಲ್ಲ ಬ್ರೆನನ್ ‘ನಮ್ಮವರು’. ಕೆಲ ವರ್ಷಗಳ ನಂತರ ಆ ಹಕ್ಕನ್ನು ಹಿಂದಕ್ಕೆ ಪಡೆದರು. ಆದರೆ ಮತದ ಲೆಕ್ಕ ಹಾಕಿ ಕೆಲಸವನ್ನು ಸಣ್ಣದು ಮಾಡುವುದು ತಪ್ಪು. ‘ದಿ ವೆಸ್ಟರ್ನರ್’ ಚಿತ್ರದ ಕೊನೆಯ ಹದಿನೈದು ನಿಮಿಷ ನೋಡಿ. ಬ್ರೆನನ್ ಮಾಡಿದ ಜಡ್ಜ್ ರಾಯ್ ಬೀನ್ ತಾನು ಆರಾಧಿಸುವ ನಟಿ ಲಿಲಿ ಲ್ಯಾಂಗ್‌ಟ್ರಿಯ ನಾಟಕಕ್ಕೆ ಎಲ್ಲ ಟಿಕೆಟನ್ನೂ ತಾನೇ ಕೊಂಡು, ಹಳೆಯ ಸೈನ್ಯದ ಸಮವಸ್ತ್ರ ತೊಟ್ಟು, ಖಾಲಿ ಕುರ್ಚಿಗಳ ನಡುವೆ ಒಬ್ಬನೇ ಕೂತಿರುತ್ತಾನೆ. ಪರದೆ ಮೇಲೇಳುತ್ತದೆ. ಅಲ್ಲಿ ನಟಿ ಇಲ್ಲ, ಅವನನ್ನು ಹಿಡಿಯಲು ಬಂದ ನಾಯಕ ಗ್ಯಾರಿ ಕೂಪರ್ ನಿಂತಿದ್ದಾನೆ. ಅಷ್ಟು ಹೊತ್ತು ಮದುಮಗನ ಹಾಗೆ ಬೆಳಗುತ್ತಿದ್ದ ಆ ಮುಖ ಒಂದೇ ಕ್ಷಣದಲ್ಲಿ ಕೊಲೆಗಡುಕನ ಮುಖವಾಗುತ್ತದೆ. ಆ ತಿರುವಿಗೆ ಮಾತಿನ ಆಸರೆ ಬೇಕಿಲ್ಲ.

ಅವರಿಗೆ ನಿಜವಾಗಿಯೂ ಹಲ್ಲಿರಲಿಲ್ಲವೇ, ಇಲ್ಲ ಮೇಕಪ್ಪೇ? — ಶಿರಸಿಯ ಓದುಗರು

ನಿಜವಾಗಿಯೇ ಇರಲಿಲ್ಲ. 1932ರಲ್ಲಿ ಆದ ಒಂದು ಅಪಘಾತದಲ್ಲಿ ಬಹಳಷ್ಟು ಹಲ್ಲು ಹೋದವು, ಮುಂದೆ ಹಲ್ಲಿನ ಸೆಟ್ ಹಾಕಿಕೊಂಡರು. ಆಗ ಅವರಿಗೆ 38 ವರ್ಷ. ಸೆಟ್ ಹಾಕಿದರೆ ನಡುವಯಸ್ಸಿನ ಗಂಡಸು, ತೆಗೆದರೆ ಅರವತ್ತೈದರ ಮುದುಕ. 1935ರ ‘ಬಾರ್ಬರಿ ಕೋಸ್ಟ್’ ಚಿತ್ರಕ್ಕೆ ನಿರ್ದೇಶಕ ಹೊವಾರ್ಡ್ ಹಾಕ್ಸ್ ಅವರನ್ನು ಕಾಣಲು ಹೋದಾಗ, ಸೆಟ್ ಇಟ್ಟುಕೊಂಡು ಮಾಡಲೋ ತೆಗೆದು ಮಾಡಲೋ ಎಂದು ಬ್ರೆನನ್ ಕೇಳಿದ್ದನ್ನು ಹಾಕ್ಸ್ ಕೊನೆಯವರೆಗೂ ಹೇಳಿಕೊಂಡು ನಗುತ್ತಿದ್ದರು.

ಸೆಟ್ ತೆಗೆದಾಗ ಆಗುವುದು ಇಷ್ಟು. ತುಟಿಗಳಿಗೆ ಹಿಂದಿನ ಆಧಾರ ತಪ್ಪಿ ಒಳಕ್ಕೆ ಸರಿಯುತ್ತವೆ. ಕೆಳದವಡೆ ಇನ್ನಷ್ಟು ಮೇಲೆ ಬಂದು ಗದ್ದ ಮೂಗಿನ ಹತ್ತಿರವಾಗುತ್ತದೆ, ಮುಖದ ಉದ್ದವೇ ಕಡಿಮೆಯಾಗುತ್ತದೆ. ಕೆನ್ನೆ ಗುಳಿ ಬೀಳುತ್ತದೆ. ಮಾತಿನಲ್ಲಿ ಮೊದಲು ಕೆಡುವುದು ನಾವು ವರ್ಣಮಾಲೆಯಲ್ಲಿ ದಂತ್ಯ ಅಂತ ಓದಿದ ಅಕ್ಷರಗಳೇ. ಜೊತೆಗೆ ‘ಸ’ ಸೀಟಿ ಹೊಡೆಯುತ್ತದೆ, ‘ಫ’ ಗಾಳಿಯಾಗುತ್ತದೆ. ಬ್ರೆನನ್ ಈ ದೋಷವನ್ನು ಮುಚ್ಚಲು ಹೋಗಲಿಲ್ಲ, ಅದನ್ನೇ ಪಾತ್ರದ ದನಿ ಮಾಡಿದರು. 1948ರ ‘ರೆಡ್ ರಿವರ್’ನಲ್ಲಂತೂ ಅದು ಕಥೆಯೊಳಗೇ ಬಂತು. ದನ ಹೊಡೆದುಕೊಂಡು ಹೋಗುವ ತಂಡದ ಅಡುಗೆಯವ ಗ್ರೂಟ್ ಇಸ್ಪೀಟಿನಲ್ಲಿ ತನ್ನ ಹಲ್ಲಿನ ಸೆಟ್ಟನ್ನೇ ಸೋಲುತ್ತಾನೆ. ಗೆದ್ದವನು ಅದನ್ನು ಊಟದ ಹೊತ್ತಿಗೆ ಮಾತ್ರ ಕೊಡುತ್ತಾನೆ.

ನಮ್ಮ ಹವ್ಯಾಸಿ ತಂಡದಲ್ಲಿ ಎಪ್ಪತ್ತರ ಅಜ್ಜನ ಪಾತ್ರ ನನ್ನದು. ನನಗೆ ಮೂವತ್ತೆರಡು. ಬ್ರೆನನ್ ನೋಡಿ ಏನು ಕಲಿಯಬಹುದು? — ಸಾಗರದ ಓದುಗರು

ಈ ಪ್ರಶ್ನೆ ಬಂದದ್ದು ನಮಗೆ ತುಂಬ ಖುಷಿ ಕೊಟ್ಟಿತು, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಮೊದಲನೆಯದು, ಊನ ಒಂದೇ ಇರಲಿ. ನಡುಗುವ ಕೈ, ಬಾಗಿದ ಬೆನ್ನು, ಕೆಮ್ಮು, ಕುಂಟು ಎಲ್ಲವನ್ನೂ ಒಟ್ಟಿಗೆ ಹೇರಿದರೆ ಜನ ಪಾತ್ರವನ್ನು ನೋಡುವುದಿಲ್ಲ, ನಟನ ಕಷ್ಟವನ್ನು ನೋಡುತ್ತಾರೆ. ‘ರಿಯೊ ಬ್ರಾವೊ’ (1959) ಚಿತ್ರದ ಸ್ಟಂಪಿಗೆ ಇರುವುದು ಕುಂಟು ಕಾಲು. ಅದು ಬಿಟ್ಟರೆ ಅವನು ಚುರುಕು: ಕಣ್ಣು ಚುರುಕು, ಕೈ ಚುರುಕು, ಬಂದೂಕು ಸದಾ ಸಿದ್ಧ. ‘ಟು ಹ್ಯಾವ್ ಆ್ಯಂಡ್ ಹ್ಯಾವ್ ನಾಟ್’ (1944) ಚಿತ್ರದ ಕುಡುಕ ಎಡ್ಡಿಯ ನಡಿಗೆ ಬೇರೆಯೇ, ಮೈಯೆಲ್ಲ ಎಳೆದು ಬಿಟ್ಟಂತೆ ಕುಪ್ಪಳಿಸುತ್ತ ಬರುತ್ತಾನೆ. ಇಬ್ಬರನ್ನೂ ಒಂದಾದ ಮೇಲೊಂದು ನೋಡಿದರೆ ಎಷ್ಟು ಲೆಕ್ಕ ಹಾಕಿ ಮಾಡಿದ್ದಾರೆಂದು ತಿಳಿಯುತ್ತದೆ.

ಕುಂಟುವುದಾದರೆ ಯಾವ ಕಾಲು ಎಂದು ಮೊದಲ ತಾಲೀಮಿನ ದಿನವೇ ಗೊತ್ತುಮಾಡಿ. ಜೋರಿನ ದೃಶ್ಯದಲ್ಲಿ ಕಾಲು ಬದಲಾಗಿಬಿಡುವುದೇ ದೊಡ್ಡ ಅಪಾಯ. ಆ ಕಾಲಿನ ಮಂಡಿಗೆ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿಕೊಂಡು ತಾಲೀಮು ಮಾಡಿದರೆ ನೆನಪಿಟ್ಟುಕೊಳ್ಳುವ ಕೆಲಸ ದೇಹದ್ದಾಗುತ್ತದೆ. ರಕ್ತ ಕಟ್ಟುವಷ್ಟು ಬಿಗಿಯಬೇಡಿ.

ಕುರ್ಚಿಯಿಂದ ಏಳುವುದರಲ್ಲೇ ವಯಸ್ಸು ಕಾಣುತ್ತದೆ. ಮೂವತ್ತರವರು ಸೊಂಟದಿಂದ ಒಮ್ಮೆಗೇ ಏಳುತ್ತಾರೆ. ವಯಸ್ಸಾದವರು ಕುರ್ಚಿಯ ಅಂಚಿಗೆ ಜಾರುತ್ತಾರೆ, ಪಾದವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಕೈ ಊರಿ ಮುಂದೆ ಬಾಗುತ್ತಾರೆ, ಆಮೇಲೆ ಎದ್ದು ಒಂದು ಗಳಿಗೆ ನಿಂತು ನಂತರ ಹೆಜ್ಜೆ ಇಡುತ್ತಾರೆ. ಈ ಒಂದು ಗಳಿಗೆಯನ್ನು ಬಿಡಬೇಡಿ.

ಬೊಚ್ಚುಬಾಯಿಗೆ ತುಟಿಗಳನ್ನು ಹಲ್ಲಿನ ಮೇಲೆ ಒಳಕ್ಕೆ ಮಡಚಿ ಮಾತಾಡುವುದೇ ಹಳೆಯ ದಾರಿ. ಆದರೆ ರಂಗದ ಮೇಲೆ ಹಿಂದಿನ ಸಾಲಿನವರಿಗೆ ಮಾತು ತಲುಪಬೇಕು. ಆದ್ದರಿಂದ ವಾಕ್ಯದ ಮೊದಲ ಎರಡು ಮೂರು ಪದಗಳಲ್ಲಿ ಮಾತ್ರ ತೊದಲು ಇಟ್ಟು, ಮುಖ್ಯ ಪದವನ್ನು ಸ್ಪಷ್ಟವಾಗಿ ಹೇಳಿ. ಕಿವಿ ಒಮ್ಮೆ ನಂಬಿದರೆ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು: ಎದುರಿನವರು ಮಾತಾಡುವಾಗ ಬ್ರೆನನ್ ಏನು ಮಾಡುತ್ತಾರೆ ನೋಡಿ. ಅವರ ಕಣ್ಣು ಯಾವಾಗಲೂ ಮಾತಾಡುವವರ ಮೇಲಿರುತ್ತದೆ.

‘ದಿ ವೆಸ್ಟರ್ನರ್’ ಚಿತ್ರದ ಜಡ್ಜ್ ಇತಿಹಾಸದಲ್ಲಿದ್ದವನೇ? — ಮಂಗಳೂರಿನ ಓದುಗರು

ಇದ್ದವನೇ. ಟೆಕ್ಸಸ್‌ನ ಪೆಕೋಸ್ ನದಿಯ ಆಚೆ ಹೆಂಡದಂಗಡಿಯಲ್ಲೇ ನ್ಯಾಯ ಹೇಳುತ್ತಿದ್ದ. ಆದರೆ ಗುಂಡೇಟಿನಿಂದ ಸತ್ತದ್ದೂ, ಸಾಯುವ ಮುನ್ನ ಲಿಲಿ ಲ್ಯಾಂಗ್‌ಟ್ರಿಯನ್ನು ಕಂಡದ್ದೂ ಸಿನಿಮಾದ ಕಲ್ಪನೆ. ಬೀನ್ ತೀರಿಕೊಂಡದ್ದು 1903ರಲ್ಲಿ. ಆಕೆ ಅವನ ಊರಿಗೆ ಬಂದದ್ದು ಮರುವರ್ಷ, 1904ರಲ್ಲಿ.

‘ಮೈ ಡಾರ್ಲಿಂಗ್ ಕ್ಲೆಮೆಂಟೈನ್’ (1946) ಚಿತ್ರದ ಮುದುಕ ಕ್ಲ್ಯಾಂಟನ್ ವಿಷಯದಲ್ಲೂ ಹೀಗೆಯೇ. ನಿಜವಾದ ಕ್ಲ್ಯಾಂಟನ್ 1881ರ ಆಗಸ್ಟ್‌ನಲ್ಲೇ ಸತ್ತಿದ್ದ. ಚಿತ್ರದಲ್ಲಿ ಅವನು ಕಾದಾಡುವ ಓ.ಕೆ. ಕೊರಾಲ್ ಗುಂಡಿನ ಕಾಳಗ ನಡೆದದ್ದು ಅದೇ ವರ್ಷದ ಅಕ್ಟೋಬರ್ 26ರಂದು. ಇತಿಹಾಸವಾಗಿ ನೋಡಬೇಡಿ, ಆದರೆ ಪಾತ್ರವನ್ನು ಮಾತ್ರ ತಪ್ಪದೆ ನೋಡಿ. ಬಂದೂಕು ಎತ್ತಿಯೂ ಕೊಲ್ಲದೆ ಬಿಟ್ಟರೆಂದು ಬೆಳೆದ ಮಕ್ಕಳನ್ನೇ ಚಾಟಿಯಿಂದ ಹೊಡೆಯುವ ಅಪ್ಪ ಅವನು. ಬ್ರೆನನ್ ಮುಖದಲ್ಲಿ ಎಂದಿನ ಆ ಅಜ್ಜನ ಪ್ರೀತಿ ಒಂದು ಕಾಳಷ್ಟೂ ಇಲ್ಲ. ಅವರನ್ನು ಬರೀ ಹಾಸ್ಯದ ಮುದುಕ ಎನ್ನುವವರಿಗೆ ನಾವು ತೋರಿಸುವುದು ಇದನ್ನೇ.

ಯಾವುದರಿಂದ ನೋಡಲು ಶುರು ಮಾಡಲಿ? ‘ರೆಡ್ ರಿವರ್’ ಎರಡು ಬೇರೆ ಬೇರೆ ಉದ್ದದಲ್ಲಿ ಸಿಗುತ್ತಿದೆ, ಯಾವುದು ಸರಿ? — ಬೆಂಗಳೂರಿನ ಓದುಗರು

‘ರಿಯೊ ಬ್ರಾವೊ’ದಿಂದ ಶುರು ಮಾಡಿ. ಉದ್ದವಿದೆ, 141 ನಿಮಿಷ, ಆದರೆ ಬ್ರೆನನ್‌ಗೆ ಅದರಲ್ಲಿ ಧಾರಾಳ ಜಾಗವಿದೆ. ಆಮೇಲೆ ‘ಟು ಹ್ಯಾವ್ ಆ್ಯಂಡ್ ಹ್ಯಾವ್ ನಾಟ್’, ನಂತರ ‘ದಿ ವೆಸ್ಟರ್ನರ್’, ಅದರ ಬೆನ್ನಿಗೇ ‘ಕ್ಲೆಮೆಂಟೈನ್’. ಈ ಎರಡನ್ನು ದೂರ ದೂರ ಇಡಬೇಡಿ. ಆಸ್ಕರ್ ಗೆದ್ದ ‘ಕಮ್ ಆ್ಯಂಡ್ ಗೆಟ್ ಇಟ್’ ಮೊದಲಿಗೇ ಬೇಡ. ಅದರಲ್ಲಿ ಅವರದು ಸ್ವೀಡನ್ನಿನ ಉಚ್ಚಾರಣೆಯ ಮರ ಕಡಿಯುವವನ ಪಾತ್ರ, ಆ ಬಗೆಯ ಇಂಗ್ಲಿಷಿನ ರಾಗ ಇವತ್ತಿನ ಕಿವಿಗೆ ಅತಿಯಾಗಿ ಕೇಳುತ್ತದೆ.

‘ರೆಡ್ ರಿವರ್’ 133 ನಿಮಿಷದ್ದೂ ಇದೆ, 127 ನಿಮಿಷದ್ದೂ ಇದೆ. ಉದ್ದದ್ದರಲ್ಲಿ ಕಥೆಯ ಕೊಂಡಿಗಳಿಗೆ ಕೈಬರಹದ ಪುಸ್ತಕದ ಹಾಳೆಗಳನ್ನು ತೆರೆಯ ಮೇಲೆ ತೋರಿಸುತ್ತಾರೆ. 127 ನಿಮಿಷದ್ದರಲ್ಲಿ ಆ ಹಾಳೆಗಳ ಬದಲು ಗ್ರೂಟ್‌ನೇ ಕಥೆ ಹೇಳುತ್ತಾನೆ, ಅಂದರೆ ಬ್ರೆನನ್ ದನಿಯಲ್ಲಿ. ಬ್ರೆನನ್‌ಗಾಗಿ ನೋಡುವವರು 127 ನಿಮಿಷದ್ದನ್ನೇ ಆರಿಸಿಕೊಳ್ಳಿ. ನಿರ್ದೇಶಕ ಹಾಕ್ಸ್ ಒಲವೂ ಅದರ ಕಡೆಗೇ ಇತ್ತು. ಡಿಸ್ಕ್ ಹಿಂಬದಿಯಲ್ಲಿ ಅವಧಿ ನೋಡಿಕೊಳ್ಳಿ, ಅಲ್ಲಿ ಸ್ಪಷ್ಟವಿಲ್ಲದಿದ್ದರೆ ಮೊದಲ ಕೆಲವು ನಿಮಿಷದಲ್ಲೇ ತಿಳಿದುಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ಬ್ರೆನನ್ ಇರುವ 1955ರ ‘ಬ್ಯಾಡ್ ಡೇ ಅಟ್ ಬ್ಲ್ಯಾಕ್ ರಾಕ್’ ಸಿನಿಮಾಸ್ಕೋಪ್ ಚಿತ್ರ. ಹಳೆಯ ಟಿವಿಗೆಂದು ಎರಡೂ ಬದಿ ಕತ್ತರಿಸಿದ ಪ್ರತಿ ಸಿಕ್ಕರೆ ಬಿಟ್ಟುಬಿಡಿ. ಅಗಲ ತೆರೆಯಲ್ಲಿ ನಾಯಕ ನಡುವೆ ನಿಂತರೆ ಪೋಷಕ ನಟರು ಅಂಚಿನಲ್ಲಿರುತ್ತಾರೆ. ಕತ್ತರಿ ಬೀಳುವುದು ಅವರ ಮೇಲೇ.

ಅವರ ಇಂಗ್ಲಿಷ್ ಅರ್ಧಕ್ಕರ್ಧ ತಿಳಿಯುವುದಿಲ್ಲ. ಏನು ಮಾಡಲಿ? — ಹಾಸನದ ಓದುಗರು

ಕಿವಿ ಮಂದವಿರುವವರಿಗೆಂದು ಮಾಡಿದ ಇಂಗ್ಲಿಷ್ ಸಬ್‌ಟೈಟಲ್ ಇರುವ ಪ್ರತಿ ಹುಡುಕಿ. ಯಂತ್ರವೇ ಬರೆಯುವ ಸಬ್‌ಟೈಟಲ್ ಹಲ್ಲಿಲ್ಲದ ಮಾತಿಗೆ ಎಡವುತ್ತದೆ, ಇಲ್ಲದ ಪದಗಳನ್ನು ಸೇರಿಸುತ್ತದೆ. ‘ಟು ಹ್ಯಾವ್ ಆ್ಯಂಡ್ ಹ್ಯಾವ್ ನಾಟ್’ನಲ್ಲಿ ಎಡ್ಡಿ ಸಿಕ್ಕವರಿಗೆಲ್ಲ, ಸತ್ತ ಜೇನುನೊಣ ಎಂದಾದರೂ ಕಡಿದಿದೆಯೇ ಎಂದು ಕೇಳುತ್ತಾನೆ. ಪದ ತಪ್ಪಿಹೋದರೆ, ನಾಯಕಿ ಲಾರೆನ್ ಬಕಾಲ್ ಅದೇ ಪ್ರಶ್ನೆಯನ್ನು ಅವನಿಗೇ ತಿರುಗಿ ಕೇಳಿದಾಗ ಅವನ ಮುಖ ಯಾಕೆ ಅರಳಿತೆಂದು ಗೊತ್ತಾಗುವುದೇ ಇಲ್ಲ.

ನಾಯಕನಾಗದೆ ಇಷ್ಟು ವರ್ಷ ಕೆಲಸ ಹೇಗೆ ಸಿಕ್ಕಿತು? — ಧಾರವಾಡದ ಓದುಗರು

ಕರಾರಿನಿಂದ. 1935ರಲ್ಲಿ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಸಂಸ್ಥೆಯ ಕರಾರಿಗೆ ಸೇರಿದರು. ಕರಾರಿನ ನಟನಿಗೆ ವಾರದ ಸಂಬಳ. ತನ್ನಲ್ಲಿ ಪಾತ್ರವಿಲ್ಲದಾಗ ಸಂಸ್ಥೆ ಅವನನ್ನು ಬೇರೆ ಸ್ಟುಡಿಯೋಗೆ ಎರವಲು ಕೊಡುತ್ತಿತ್ತು. ಎರವಲಿನ ಹಣ ಸಂಸ್ಥೆಗೆ ಸೇರುತ್ತಿತ್ತು, ನಟನಿಗೆ ಅದೇ ಸಂಬಳ. ಮೂರು ಪ್ರಶಸ್ತಿಗಳಲ್ಲಿ ಎರಡು ಗೋಲ್ಡ್‌ವಿನ್ ಚಿತ್ರಗಳಿಗೆ ಬಂದವು, ‘ಕೆಂಟಕಿ’ ಫಾಕ್ಸ್ ಸ್ಟುಡಿಯೋದ್ದು. ನಾಯಕನಿಗೆ ಈ ಎರವಲು ಅವಮಾನವೆನಿಸಬಹುದಿತ್ತು, ಪೋಷಕ ನಟನಿಗೆ ಅದೇ ಜೀವಾಳ. ಹೊಸ ನಿರ್ದೇಶಕರು, ಹೊಸ ಬಗೆಯ ಪಾತ್ರಗಳು ಅದರಿಂದಲೇ ಸಿಕ್ಕವು.

ಟಿವಿ ಬಂದಾಗಲೂ ಅವರು ಹಿಂಜರಿಯಲಿಲ್ಲ. 1957ರಿಂದ 1963ರವರೆಗೆ ‘ದಿ ರಿಯಲ್ ಮೆಕಾಯ್ಸ್’ ಧಾರಾವಾಹಿಯ 224 ಕಂತುಗಳಲ್ಲಿ ಹಳ್ಳಿಯ ಕುಟುಂಬದ ಕುಂಟುವ ಅಜ್ಜನ ಕಥೆ ನಡೆಯಿತು. 1962ರಲ್ಲಿ ‘ಓಲ್ಡ್ ರಿವರ್ಸ್’ ಎಂಬ, ಹಾಡಿಗಿಂತ ಮಾತೇ ಹೆಚ್ಚಿರುವ ಅವರ ಧ್ವನಿಮುದ್ರಿಕೆ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು.

ಅವರು ಜನಾಂಗಭೇದದ ರಾಜಕೀಯದ ಕಡೆಗಿದ್ದರಂತೆ. ನೀವು ಅದನ್ನು ಬರೆಯಲೇ ಇಲ್ಲ. — ಮೈಸೂರಿನ ಓದುಗರು

ಬರೆಯಬೇಕಿತ್ತು, ನಮ್ಮ ತಪ್ಪು. ಬ್ರೆನನ್ ಕಟ್ಟಾ ಬಲಪಂಥೀಯರು. 1968ರ ಅಧ್ಯಕ್ಷೀಯ ಚುನಾವಣೆಯಲ್ಲಿ, ಕರಿಯರನ್ನು ಬೇರೆ ಇಡುವ ನೀತಿಗೆ ಹೆಸರಾದ ಜಾರ್ಜ್ ವಾಲೆಸ್ ಅವರನ್ನು ಬೆಂಬಲಿಸಿದ್ದರು. ತೆರೆಯ ಮೇಲಿನ ಅಜ್ಜನ ಮಮತೆಯನ್ನು ಮನುಷ್ಯನ ಗುಣವೆಂದು ತಿಳಿಯಬಾರದು. ಆ ಮಮತೆ ಅವರು ಕಟ್ಟಿದ ಪಾತ್ರಗಳದ್ದು.

ಹೆಸರಾಗುವ ಮುಂಚಿನ ಅವರ ಚಿಕ್ಕ ಪಾತ್ರಗಳನ್ನು ಎಲ್ಲಿ ಹುಡುಕುವುದು? — ಉಡುಪಿಯ ಓದುಗರು

1933ರ ‘ದಿ ಇನ್‌ವಿಸಿಬಲ್ ಮ್ಯಾನ್’ನಲ್ಲಿ ಕಣ್ಣಿಗೆ ಕಾಣದವನು ಯಾರದೋ ಸೈಕಲ್ ಕದ್ದೊಯ್ಯುತ್ತಾನಲ್ಲ, ಆ ಸೈಕಲ್ಲಿನ ಯಜಮಾನನೇ ಬ್ರೆನನ್. 1934ರಲ್ಲಿ ಬಂದ, ತ್ರೀ ಸ್ಟೂಜಸ್ ಎಂಬ ಹಾಸ್ಯ ತಂಡದ ಕಿರುಚಿತ್ರ ‘ವುಮನ್ ಹೇಟರ್ಸ್’ನಲ್ಲಿ ರೈಲಿನ ಕಂಡಕ್ಟರ್. 1935ರ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ನಲ್ಲಿ ನೆರೆಹೊರೆಯವರಲ್ಲಿ ಒಬ್ಬ. ರಿಮೋಟ್ ಕೈಯಲ್ಲೇ ಇರಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತಾರೆ.