ಕಾಸರಗೋಡಿನ ಕನ್ನಡ ಡಿವಿಷನ್ನಿನಲ್ಲಿ ಓದಿದವನ ಉತ್ತರ

ಕೇರಳದಲ್ಲಿ ಹುಟ್ಟಿ ಕನ್ನಡದಲ್ಲಿ ಹೈಸ್ಕೂಲು ಓದುವುದೆಂದರೆ ತುಂಬಾ ಕಷ್ಟವಾಗಿರಬೇಕಲ್ಲವೇ ಎಂದು ಕೇಳಿದ್ದೀರಿ. ಮೈಸೂರು, ಬೆಂಗಳೂರು ಕಡೆಯವರು ಕಾಸರಗೋಡಿನ ಹೆಸರೆತ್ತಿದ ಕೂಡಲೇ ಸಾವಿನ ಮನೆಗೆ ಬಂದವರ ಹಾಗೆ ದನಿ ತಗ್ಗಿಸುತ್ತಾರೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದಿತು. ಬರಲಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಆ ಶಾಲೆಗಳ ಒಳಗೆ ಏನು ನಡೆಯುತ್ತಿತ್ತು ಎಂದು ಕೇಳುವವರು ಕಡಿಮೆ. ನೀವು ಕೇಳಿದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ನಮ್ಮದು ಬದಿಯಡ್ಕದಿಂದ ಇನ್ನೂ ಒಳಗಿನ ಊರು. ಪದವಿನ ಮೇಲೆ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಕೆಂಪುಕಲ್ಲಿನ ಶಾಲೆ, ಹಿಂದುಗಡೆ ಗೇರುಗುಡ್ಡ. ಕುಡಿಯುವ ನೀರು ಬರುತ್ತಿದ್ದುದು ಸುರಂಗದಿಂದ. ನೀವು ನೋಡಿರಲಿಕ್ಕಿಲ್ಲ: ಬಾವಿಯಂತೆ ಕೆಳಕ್ಕೆ ತೋಡದೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೋಡಿ, ಒಸರುವ ನೀರನ್ನು ತಾನಾಗಿ ಹರಿದು ಬರುವಂತೆ ಮಾಡುವುದು ನಮ್ಮ ಕಡೆಯ ಪದ್ಧತಿ. ಒಬ್ಬನೇ ಬಗ್ಗಿ ನಡೆಯುವಷ್ಟು ಅಗಲ, ಒಳಗೆ ಬಾವಲಿಗಳು. ನಮ್ಮ ಕಬಡ್ಡಿ ತಂಡದ ನಾಯಕನ ತಂದೆ ಸುರಂಗ ತೋಡುವವರು. ರಜೆಯಲ್ಲಿ ಅವನು ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದ. ಅವನ ಹಿಡಿತ ತಪ್ಪಿಸಿಕೊಂಡು ಗೆರೆ ಮುಟ್ಟಿದವರು ಕಡಿಮೆ.

ಒಂದೇ ಶಾಲೆಯಲ್ಲಿ ಎರಡು ಮಾಧ್ಯಮ: ಮಲಯಾಳದ್ದು ಒಂದು ಡಿವಿಷನ್, ಕನ್ನಡದ್ದು ಇನ್ನೊಂದು. ಕನ್ನಡ ಡಿವಿಷನ್ ಎಂದರೆ ಕನ್ನಡ ಮನೆಮಾತಿನವರು ಎಂದುಕೊಳ್ಳಬೇಡಿ. ನನ್ನ ಮನೆಯಲ್ಲಿ ತುಳು. ಪಕ್ಕದಲ್ಲಿ ಕುಳಿತವನದು ಹವ್ಯಕ ಕನ್ನಡ, ಅವನಾಚೆಗಿನವನದು ಮರಾಠಿ, ಕೊನೆಯವನದು ಮಲಯಾಳ. ಆ ಕೊನೆಯವನ ಅಪ್ಪನೂ ಇದೇ ಶಾಲೆಯ ಕನ್ನಡ ಡಿವಿಷನ್ನಿನಲ್ಲಿ ಓದಿದವರು, ಹಾಗಾಗಿ ಮಗನೂ ಬಂದ. ಇದಕ್ಕಿಂತ ದೊಡ್ಡ ಭಾಷಾಪ್ರೇಮದ ಕಾರಣ ಅವರ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮೈದಾನದಲ್ಲಿ ಎಲ್ಲರದೂ ತುಳು, ಬಸ್ಸಿನಲ್ಲಿ ಎಲ್ಲರದೂ ಮಲಯಾಳ. ಕನ್ಸೆಷನ್ ಮಕ್ಕಳನ್ನು ಕಂಡರೆ ಮುಖ ಸಿಂಡರಿಸುವ ಕಂಡಕ್ಟರರ ಬಳಿ ಜಗಳವಾಡಲು ಮಲಯಾಳವೇ ಬೇಕು.

ಇನ್ನು ಅಧ್ಯಾಪಕರು. ನಮ್ಮ ಭೌತಶಾಸ್ತ್ರದ ಮಾಸ್ಟ್ರನ್ನು ನೆನೆಯದೆ ಪಾಠದ ಮಾತೆತ್ತಲು ನನಗಾಗದು. ಕನ್ನಡದ ಪಠ್ಯಪುಸ್ತಕ ನಮ್ಮ ಕೈ ಸೇರುವಾಗ ಕೆಲವು ವರ್ಷ ಓಣಂ ಪರೀಕ್ಷೆಯೇ ಮುಗಿದಿರುತ್ತಿತ್ತು. ಮಾಸ್ಟ್ರು ಪಕ್ಕದ ಡಿವಿಷನ್ನಿನಿಂದ ಮಲಯಾಳ ಪುಸ್ತಕ ತಂದು ಎಡಗೈಯಲ್ಲಿ ಬಿಡಿಸಿ ಹಿಡಿದು, ಬಲಗೈಯಲ್ಲಿ ಕರಿಹಲಗೆಯ ಮೇಲೆ ಕನ್ನಡದಲ್ಲಿ ಬರೆಯುತ್ತಾ ಹೋಗುತ್ತಿದ್ದರು. ಎಲ್ಲಿಯೂ ತಡವರಿಸಿದ್ದಿಲ್ಲ, ಒರೆಸಿ ತಿದ್ದಿದ್ದು ಕಡಿಮೆ. ವೇಗೋತ್ಕರ್ಷ ಎಂದು ಬರೆದರೆ ಕೆಳಗೆ ಇಂಗ್ಲಿಷ್ ಹೆಸರನ್ನೂ ಬರೆಯುವರು. ಪ್ಲಸ್ ಟು (ನಿಮ್ಮ ಕಡೆಯ ಪಿಯುಸಿ) ಇಂಗ್ಲಿಷಿನಲ್ಲಿ ಇರುತ್ತದೆ, ಅಲ್ಲಿ ಹೋಗಿ ಬಾಯಿ ಬಿಟ್ಟು ಕೂರಬೇಡಿ ಎನ್ನುವರು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳುವುದಕ್ಕೆಂದೇ ಮೊದಲ 15 ನಿಮಿಷ ಬಿಡುತ್ತಾರೆ. ಮಲಯಾಳ ಡಿವಿಷನ್ನಿನವರು ಆ ಹೊತ್ತಿನಲ್ಲಿ ಯಾವ ಉತ್ತರ ಮೊದಲು ಬರೆಯಲಿ ಎಂದು ಯೋಚಿಸಿದರೆ, ನಾವು ಪ್ರಶ್ನೆಯ ಕನ್ನಡದ ಅರ್ಥ ಏನಿರಬಹುದೆಂದು ಯೋಚಿಸುತ್ತಿದ್ದೆವು. ಅದಕ್ಕೂ ಮಾಸ್ಟ್ರು ತರಬೇತಿ ಕೊಟ್ಟಿದ್ದರು. ಹಳೆಯ ಪ್ರಶ್ನೆಪತ್ರಿಕೆಗಳ ವಿಚಿತ್ರ ವಾಕ್ಯಗಳನ್ನು ಓದಿಸಿ, ಇದನ್ನು ಅನುವಾದಿಸಿದವರು ಏನು ಹೇಳಲು ಹೊರಟಿದ್ದರು ಹೇಳು ಮಾರಾಯ ಎಂದು ಒಬ್ಬೊಬ್ಬರನ್ನೇ ಎಬ್ಬಿಸುವರು. ಇಂದು ಕಚೇರಿಯಲ್ಲಿ ಯಾವ ಸುತ್ತೋಲೆ ಬಂದರೂ ನಾನು ಕಂಗಾಲಾಗುವುದಿಲ್ಲ.

ಗಡಿನಾಡಿನಲ್ಲಿ ಕನ್ನಡ ಉಳಿದದ್ದು ಭಾಷಣಗಳಿಂದಲ್ಲ, ಇಂಥವರಿಂದ ಎಂಬುದು ನನ್ನ ಅಭಿಪ್ರಾಯ. ಕವಿತೆಯನ್ನು ಕನ್ನಡದಲ್ಲಿ ಕಲಿಸುವವರು ಹೇಗಾದರೂ ಸಿಗುತ್ತಾರೆ. ಬೆಳಕಿನ ವಕ್ರೀಭವನವನ್ನೂ ಬೀಜಗಣಿತವನ್ನೂ ಕನ್ನಡದಲ್ಲಿ ಕಲಿಸುವವರು ಇಲ್ಲವಾದ ದಿನ ಆ ಡಿವಿಷನ್ ಮುಚ್ಚುತ್ತದೆ. ಕನ್ನಡ ತಿಳಿಯದವರನ್ನು ಕನ್ನಡ ಮಾಧ್ಯಮದ ಹುದ್ದೆಗೆ ನೇಮಿಸಿದಾಗಲೆಲ್ಲ ಮಕ್ಕಳೂ ಪೋಷಕರೂ ಶಾಲೆಯ ಗೇಟಿನಲ್ಲಿ ಕೂರುವುದು ಅದಕ್ಕೇ. ಹೊರಗಿನವರಿಗೆ ಅದು ಮಲಯಾಳದ ಮೇಲಿನ ಸಿಟ್ಟಾಗಿ ಕಾಣುತ್ತದೆ. ಒಳಗೆ ಕೂತ ಮಗುವಿಗೆ ಅದು ಗಣಿತ ಅರ್ಥವಾಗದ ಸಂಕಟ, ಅಷ್ಟೆ.

ಕನ್ನಡದ ಮಾಸ್ಟ್ರು ನಿವೃತ್ತಿಗೆ ಹತ್ತಿರವಾಗಿದ್ದವರು. ಹುಡುಗನಾಗಿದ್ದಾಗ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕಯ್ಯಾರ ಕಿಞ್ಞಣ್ಣ ರೈಯವರ ತರಗತಿಯಲ್ಲಿ ಕುಳಿತಿದ್ದರಂತೆ. ಕಯ್ಯಾರರನ್ನು ನೀವು ಕವಿಯೆಂದೂ ಏಕೀಕರಣದ ಹೋರಾಟಗಾರರೆಂದೂ ಬಲ್ಲಿರಿ. 2015ರಲ್ಲಿ ನೂರರ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಮಾಸ್ಟ್ರಿಗೆ ಅವರು ಎಲ್ಲಕ್ಕಿಂತ ಮೊದಲು, ಅಕ್ಷರ ದುಂಡಾಗಿಲ್ಲದಿದ್ದರೆ ಪುಸ್ತಕ ಹಿಂದಕ್ಕೆ ಎಸೆಯುವ ಮೇಷ್ಟ್ರು. ಆ ಅಭ್ಯಾಸ ಇವರಿಗೂ ಇತ್ತು.

ಸಮಾಜ ಪಾಠದ ಟೀಚರ್ ಚೆರುವತ್ತೂರು ಕಡೆಯವರು, ಮನೆಮಾತು ಮಲಯಾಳ. ಕನ್ನಡ ಕಲಿತೇ ಕೆಲಸಕ್ಕೆ ಬಂದವರು. ಪುಸ್ತಕದಲ್ಲಿ ಇದ್ದದ್ದು ತಿರುವಿದಾಂಕೂರಿನ ಮಾರ್ತಾಂಡ ವರ್ಮ, 1741ರ ಕೊಳಚಲ್ ಯುದ್ಧ, ವೈಕಂ ಸತ್ಯಾಗ್ರಹ, ಶ್ರೀ ನಾರಾಯಣ ಗುರು. ಮುಂದೆ ಕರ್ನಾಟಕದ ಕಾಲೇಜಿಗೆ ಹೋದಾಗ ಸಹಪಾಠಿಗಳು ಕಿತ್ತೂರಿನ ಚೆನ್ನಮ್ಮನ ಮಾತೆತ್ತಿದರೆ ನಾನು ಸುಮ್ಮನಿರುತ್ತಿದ್ದೆ, ವೈಕಂನ ಮಾತು ಬಂದರೆ ಅವರು ಸುಮ್ಮನಿರುತ್ತಿದ್ದರು. ಟೀಚರ್ ಪುಸ್ತಕ ಮುಚ್ಚಿಟ್ಟು ಹೇಳಿದ್ದು ಕಯ್ಯೂರಿನ ಕಥೆ. ನಮ್ಮದೇ ಜಿಲ್ಲೆಯ ದಕ್ಷಿಣದ ಊರು. ಅಲ್ಲಿನ ರೈತ ಹೋರಾಟದ ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಹೇಳಿ ಮುಗಿಸಿ, ಇದರ ಮೇಲೆ ನಿಮ್ಮ ಕನ್ನಡದಲ್ಲೇ ಕಾದಂಬರಿ ಇದೆ, ನಾನು ಓದಿದ್ದೇನೆ, ನಿಮ್ಮಲ್ಲಿ ಯಾರು ಓದಿದ್ದೀರಿ ಎಂದು ಕೇಳಿದರು. ನಿರಂಜನರ ‘ಚಿರಸ್ಮರಣೆ’. ಒಬ್ಬರ ಕೈಯೂ ಮೇಲೇಳಲಿಲ್ಲ. ಮಲಯಾಳದ ಟೀಚರ್ ಮೂಲಕ ಕನ್ನಡದ ಕಾದಂಬರಿ ನನ್ನ ಕೈಗೆ ಬಂತು. ನಮ್ಮಲ್ಲಿ ಎಷ್ಟೋ ಸಂಗತಿಗಳು ಬರುವ ದಾರಿ ಹೀಗೆಯೇ.

ಕಬಡ್ಡಿಯ ವಿಷಯಕ್ಕೆ ಬರುತ್ತೇನೆ, ನನಗೆ ನಿಜವಾಗಿ ಹೇಳಬೇಕಿರುವುದು ಇದು. ಮಧ್ಯಾಹ್ನದ ಊಟ ಶಾಲೆಯಲ್ಲಿ ಸಿಗುತ್ತಿದ್ದುದು ಎಂಟನೆಯ ತರಗತಿಯವರೆಗೆ. ಒಂಬತ್ತಕ್ಕೆ ಬಂದ ಮೇಲೆ ಬುತ್ತಿ ತರಬೇಕು. ನಮ್ಮ ತಂಡದ ಏಳು ಜನರಲ್ಲಿ ಬುತ್ತಿ ತರದವರೂ ಇದ್ದರು. ಮಧ್ಯಾಹ್ನ ಗಂಟೆ ಹೊಡೆದಾಗ ಅವರು ಗೇರುಗುಡ್ಡದ ಕಡೆ ಹೊರಟುಬಿಡುವರು. ಡ್ರಿಲ್ ಮಾಸ್ಟ್ರು ಅದನ್ನು ನೋಡಿರಬೇಕು. ಒಂದು ದಿನ, ಇನ್ನು ಮುಂದೆ ಅಭ್ಯಾಸ ಮಧ್ಯಾಹ್ನ, ಎಲ್ಲರೂ ಅಡುಗೆಕೋಣೆಯ ಹಿಂದೆ ಸೇರಬೇಕು ಎಂದು ಆಜ್ಞೆಯಾಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಯಾರು ಕಬಡ್ಡಿ ಆಡುತ್ತಾರೆ? ಹೋಗಿ ನೋಡಿದರೆ ಅಡುಗೆಯ ಅಕ್ಕ ಪಾತ್ರೆಯಲ್ಲಿ ಗಂಜಿ, ಹೆಸರುಕಾಳಿನ ಪಲ್ಯ ಇಟ್ಟುಕೊಂಡು ನಿಂತಿದ್ದಾರೆ. ಅಕ್ಕಿ ಮಾಸ್ಟ್ರ ಮನೆಯದು. ಬುತ್ತಿ ತಂದವನೂ ಅಲ್ಲೇ ಉಣ್ಣಬೇಕು, ಯಾರು ತಂದಿಲ್ಲ ಎಂಬುದು ಗೊತ್ತಾಗಬಾರದು ಎಂಬುದು ಅವರ ಲೆಕ್ಕಾಚಾರವೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಹೆಡ್ಮಾಸ್ಟರು ಆ ಹೊತ್ತಿಗೆ ಸರಿಯಾಗಿ ಬೇರೆ ಕಡೆ ನೋಡುತ್ತಿದ್ದರು. ಊಟವಾದ ಮೇಲೆ ಮಾಸ್ಟ್ರು ನೆರಳಿನಲ್ಲಿ ಕೂರಿಸಿ ನಿಯಮ ಓದಿ ಹೇಳುವರು, ಅದೇ ಅಭ್ಯಾಸ.

ಆಟದಲ್ಲಿ ನಮಗೊಂದು ತೊಡಕಿತ್ತು. ಜಿಲ್ಲಾ ಮಟ್ಟದಲ್ಲಿ ಕಾಞಂಗಾಡು, ನೀಲೇಶ್ವರ ಕಡೆಯ ತಂಡಗಳ ಎದುರು ತುಳುವಿನಲ್ಲಿ ಕೂಗಿಕೊಂಡರೆ ಅವರಿಗೆ ತಿಳಿಯುವುದಿಲ್ಲ. ಆದರೆ ಅಲ್ಲಿಗೆ ಹೋಗಬೇಕಾದರೆ ಮೊದಲು ಕುಂಬಳೆ ಉಪಜಿಲ್ಲೆಯಲ್ಲಿ ಗೆಲ್ಲಬೇಕು, ಅಲ್ಲಿ ಎಲ್ಲ ತಂಡಕ್ಕೂ ತುಳು ಗೊತ್ತು, ಮಲಯಾಳವೂ ಗೊತ್ತು. (ಅನಿಲ್ ಕುಂಬ್ಳೆಯವರ ಹೆಸರಿನಲ್ಲಿ ಇರುವುದು ಇದೇ ಕುಂಬಳೆ.) ಕೊನೆಗೆ ಮರಾಠಿ ಮನೆಯ ಹುಡುಗ ನಮಗೆ ಅವನ ಮನೆಮಾತಿನ ಕೆಲವು ಶಬ್ದ ಕಲಿಸಿದ. ಎಡ, ಬಲ, ಹಿಡಿ, ಬಿಡು, ಕಾಲು. ಅಷ್ಟು ಸಾಕಾಯಿತು. ಉಪಜಿಲ್ಲೆ ಗೆದ್ದೆವು, ಜಿಲ್ಲೆಯಲ್ಲಿ ಮೊದಲ ಪಂದ್ಯಕ್ಕೇ ಸೋತೆವು. ಅವರು ನಮಗಿಂತ ಚೆನ್ನಾಗಿ ಆಡಿದರು, ಭಾಷೆಯ ಪ್ರಶ್ನೆಯೇ ಬರಲಿಲ್ಲ.

ಕಲೋತ್ಸವ ಎಂಬ ಶಾಲಾ ಮಕ್ಕಳ ಕಲಾಸ್ಪರ್ಧೆಯನ್ನು ನೀವು ಕೇಳಿರಬಹುದು. ಕೇರಳದಲ್ಲಿ ಅದೊಂದು ಜಾತ್ರೆ. ಶಾಲೆಯಿಂದ ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಹತ್ತಬೇಕು. ಅದರಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ನಮ್ಮ ಶಾಲೆಯ ತಂಡ ‘ಪಂಚವಟಿ’ ಪ್ರಸಂಗ ಕಟ್ಟಿತು, ಅದನ್ನು ಬರೆದ ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನೆಲದಲ್ಲಿ ಬೇರೆ ಏನು ಕಟ್ಟುವುದು? ನನ್ನ ಬೆಂಚಿನ ಕೊನೆಯವನು, ಮಲಯಾಳ ಮನೆಮಾತಿನವನು, ಖರಾಸುರ. ಯಕ್ಷಗಾನದ ಮಾತಿನಲ್ಲಿ ಒಂದು ಇಂಗ್ಲಿಷ್ ಶಬ್ದ ಇಣುಕಿದರೂ ಭಾಗವತರು ತಾಳ ನಿಲ್ಲಿಸಿಬಿಡುವರು. ಹವ್ಯಕರ ಹುಡುಗ ಎರಡು ಸಲ ಸಿಕ್ಕಿಬಿದ್ದ, ಇವನು ಒಮ್ಮೆಯೂ ಇಲ್ಲ. ಅವನ ಉಮ್ಮ ಸ್ಪರ್ಧೆಯ ದಿನ ಮುಂದಿನ ಸಾಲಿನಲ್ಲಿ ಕುಳಿತು, ಕಿರೀಟ ಕಟ್ಟಿದ ವೇಷಗಳಲ್ಲಿ ಮಗ ಯಾರೆಂದು ತಿಳಿಯದೆ ದೂತನ ವೇಷದ ಹುಡುಗನಿಗೆ ಕೈಬೀಸಿದರು.

2019ರ ನವೆಂಬರಿನಲ್ಲಿ ರಾಜ್ಯ ಕಲೋತ್ಸವ ನಮ್ಮ ಕಾಞಂಗಾಡಿನಲ್ಲೇ ನಡೆಯಿತು. ನೋಡಲು ಹೋಗಿದ್ದೆ. ಕನ್ನಡ ಪದ್ಯ ವಾಚನದ ವೇದಿಕೆಯ ಹಿಂದೆ ದಕ್ಷಿಣದ ಯಾವುದೋ ಜಿಲ್ಲೆಯ ಹುಡುಗಿ ಚೀಟಿ ಹಿಡಿದು ಬಾಯಿಪಾಠ ಮಾಡುತ್ತಿದ್ದಳು. ಚೀಟಿಯಲ್ಲಿ ಪದ್ಯ ಕನ್ನಡದ್ದು, ಲಿಪಿ ಮಲಯಾಳದ್ದು. ನಮ್ಮವರಲ್ಲಿ ಕೆಲವರಿಗೆ ಇದು ಸಿಟ್ಟು ತರಿಸುತ್ತದೆ, ಗೆದ್ದರೆ ಪರೀಕ್ಷೆಯಲ್ಲಿ ಸಿಗುವ ಗ್ರೇಸ್ ಮಾರ್ಕಿಗಾಗಿ ನಮ್ಮ ಮಕ್ಕಳ ಬಹುಮಾನ ಹೊಡೆಯುತ್ತಾರೆ ಎಂದು. ನನಗೆ ಆ ಹುಡುಗಿಯ ಉಚ್ಚಾರಣೆ ನಮ್ಮ ಅನೇಕರಿಗಿಂತ ಚೆನ್ನಾಗಿತ್ತು ಎನ್ನಿಸಿತು.

ಕಷ್ಟ ಎಲ್ಲಿ ಎಂದು ಕೇಳಿದರೆ, ಹತ್ತನೆಯ ತರಗತಿಯ ಮೇಲೆ. ಪ್ಲಸ್ ಟುವಿನಲ್ಲಿ ಏಕಾಏಕಿ ಇಂಗ್ಲಿಷ್, ವಿವರಣೆ ಮಲಯಾಳದಲ್ಲಿ. ಅನುಕೂಲವಿದ್ದವರು ಪುತ್ತೂರಿಗೋ ಮಂಗಳೂರಿಗೋ ದಾಟಿದರು. ಕರ್ನಾಟಕದ ವೃತ್ತಿಪರ ಕೋರ್ಸುಗಳಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ, ಆದರೆ ಅದಕ್ಕೆ ಪ್ರಮಾಣಪತ್ರಗಳ ಕಂತೆ ಬೇಕು. ಒಂದು ಮಾತು ಕೇರಳದ ಪರವಾಗಿ ಹೇಳಲೇಬೇಕು: ನಮ್ಮ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕಂಪ್ಯೂಟರ್ ಇತ್ತು, ಲಿನಕ್ಸ್ ಇತ್ತು, ಎಸ್ಸೆಸ್ಸೆಲ್ಸಿಯಲ್ಲಿ ಐಟಿ ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಮಂಗಳೂರಿನ ಕಾಲೇಜಿನಲ್ಲಿ ನನ್ನ ಇಂಗ್ಲಿಷ್ ಕೇಳಿ ನಕ್ಕವರು ಪ್ರಯೋಗಾಲಯದಲ್ಲಿ ನನ್ನ ಪಕ್ಕವೇ ಜಾಗ ಹಿಡಿಯುತ್ತಿದ್ದರು.

ನಮ್ಮ ತಂಡದವರು ಈಗ ಚದುರಿದ್ದಾರೆ. ಇಬ್ಬರು ಕೊಲ್ಲಿಯಲ್ಲಿ, ಒಬ್ಬ ಅಡಿಕೆ ತೋಟದಲ್ಲಿ. ಖರಾಸುರ ಆಂಬುಲೆನ್ಸ್ ಓಡಿಸುತ್ತಾನೆ. ನಮಗೆ ದೊಡ್ಡ ಆಸ್ಪತ್ರೆ ಎಂದರೆ ಇಂದಿಗೂ ಮಂಗಳೂರು. 2020ರ ಮಾರ್ಚಿನಲ್ಲಿ ಕೊರೋನಾ ಕಾರಣಕ್ಕೆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ತಲಪಾಡಿಯಲ್ಲಿ ರೋಗಿಯ ಸಮೇತ ನಿಂತವರಲ್ಲಿ ಅವನೂ ಒಬ್ಬ. ಪೊಲೀಸರ ಜೊತೆ ಅಚ್ಚಗನ್ನಡದಲ್ಲಿ ವಾದಿಸಿದನಂತೆ. ಅವರು ಬಿಡಲಿಲ್ಲ. ಅದರ ಬಗ್ಗೆ ಅವನು ಹೆಚ್ಚು ಮಾತನಾಡುವುದಿಲ್ಲ, ನಾನೂ ಬರೆಯುವುದಿಲ್ಲ.

ನೋಡಬೇಕೆಂದಿದ್ದರೆ ನವೆಂಬರ್ ಹೊತ್ತಿಗೆ ಬನ್ನಿ, ಉಪಜಿಲ್ಲಾ ಕಲೋತ್ಸವದ ಕಾಲ. ಮಂಗಳೂರಿನಿಂದ ರೈಲಿನಲ್ಲಿ ಕುಂಬಳೆಗೆ ಇಳಿದರೆ ಬದಿಯಡ್ಕಕ್ಕೆ ಬಸ್ಸಿದೆ. ಯಕ್ಷಗಾನ ಹೇಳಿದ ಹೊತ್ತಿಗೆ ಶುರುವಾಗುವುದಿಲ್ಲ, ಅವಸರ ಬೇಡ. ಊಟಕ್ಕೆ ಕೂಪನ್ ಕೇಳುತ್ತಾರೆ. ಡ್ರಿಲ್ ಮಾಸ್ಟ್ರು ನಿವೃತ್ತರಾದರೂ ಊಟದ ಚಪ್ಪರದಲ್ಲೇ ಇರುತ್ತಾರೆ, ನನ್ನ ಹೆಸರು ಹೇಳಿ.