ಇನ್‌ಚಾರ್ಜ್ ಅಲ್ಲದ ಸಿಸ್ಟರ್

ಬಂದವರು 31 ವರ್ಷದ ಸ್ಟಾಫ್ ನರ್ಸ್. ಹೆಸರು ಬೇಡ, ಸಿಸ್ಟರ್ ಅಂತಲೇ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. ಊರು ಹಾಸನದ ಕಡೆ, ಈಗ ಮನೆ ಸುಂಕದಕಟ್ಟೆ. ನೈಟ್ ಡ್ಯೂಟಿ ಮುಗಿಸಿ, ಮಾಗಡಿ ರಸ್ತೆಯ ಟ್ರಾಫಿಕ್‌ನಲ್ಲಿ ಬಸ್ಸಿನಲ್ಲೇ ಒಂದು ನಿದ್ದೆ ತೆಗೆದು, ಬಸವೇಶ್ವರನಗರದ ನನ್ನ ಕೌನ್ಸೆಲಿಂಗ್ ರೂಮಿಗೆ ಬಂದಿದ್ದರು. ಕೂತ ತಕ್ಷಣ ಹೇಳಿದ್ದು: "ಮೇಡಂ, ಕೆಲಸ ಬಿಡ್ಬೇಕು ಅನ್ಕೊಂಡಿದ್ದೀನಿ. ಸ್ವಲ್ಪ ಧೈರ್ಯ ಕೊಡಿ."

ಬಿಡೋದಕ್ಕೆ ಧೈರ್ಯ ಕೇಳುವವರಿಗೆ ಬಿಡುವ ಮನಸ್ಸು ಇರುವುದು ಕಡಿಮೆ. ಮನಸ್ಸಿದ್ದವರು ಬಿಟ್ಟ ಮೇಲೆ ಬರುತ್ತಾರೆ.

ಅವರದು ಒಂದು ಸಣ್ಣ ಖಾಸಗಿ ಆಸ್ಪತ್ರೆ. ಮೂರು ತಿಂಗಳ ಹಿಂದೆ ಒಂದು ರಾತ್ರಿ, ಆಗಷ್ಟೇ ಶಿಫ್ಟ್ ಬದಲಾಗಿತ್ತು. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜನಿಗೆ ಊಟಕ್ಕೆ ಮುಂಚಿನ ಇನ್ಸುಲಿನ್ ಕೊಟ್ಟ ಬಗ್ಗೆ ಚಾರ್ಟಿನಲ್ಲಿ ಏನೂ ಇರಲಿಲ್ಲ. ಈಕೆ ಡೋಸ್ ಎಳೆದುಕೊಂಡು ಹೋಗಿ, ಅಜ್ಜನ ಹೊಟ್ಟೆ ಮೇಲೆ ಸ್ಪಿರಿಟ್ ಹತ್ತಿ ಒರೆಸುತ್ತಿದ್ದರು. ಪಕ್ಕದಲ್ಲಿ ಫ್ಲಾಸ್ಕ್ ಮುಚ್ಚಳ ತಿರುಗಿಸುತ್ತ ಕೂತಿದ್ದ ಸೊಸೆ ಕೇಳಿದರಂತೆ, "ಆಗಲೇ ಇನ್ನೊಬ್ರು ಕೊಟ್ಟು ಹೋದ್ರಲ್ಲಾ ಸಿಸ್ಟರ್?"

ಸಂಜೆ ಶಿಫ್ಟಿನವರು ಕೊಟ್ಟಿದ್ದರು. ಬರೆದಿರಲಿಲ್ಲ, ಹೇಳಿಯೂ ಇರಲಿಲ್ಲ. ಬಸ್ ತಪ್ಪುತ್ತೆ ಅಂತ ಓಡಿದ್ದರು. ಎರಡನೇ ಡೋಸೂ ಹೋಗಿದ್ದರೆ ಸಕ್ಕರೆ ಕುಸಿದು ಅಜ್ಜ ಪ್ರಜ್ಞೆ ತಪ್ಪಬಹುದಿತ್ತು. ರಾತ್ರಿ ಹೊತ್ತು, ನಿದ್ದೆ ಮಾಡ್ತಿದ್ದಾರೆ ಅಂತ ಎಲ್ಲರೂ ಸುಮ್ಮನಿರುತ್ತಿದ್ದರು.

ಆ ತಿಂಗಳ ಮೀಟಿಂಗಿನಲ್ಲಿ ಸಿಸ್ಟರ್ ಎದ್ದು ನಿಂತರು. "ನಮ್ಮಲ್ಲಿ ಹ್ಯಾಂಡೋವರ್ ಅನ್ನೋದೇ ಇಲ್ಲ. ಯಾವತ್ತೋ ಒಂದಿನ ಪೇಷಂಟ್ ಹೋಗ್ತಾರೆ." ಹ್ಯಾಂಡೋವರ್ ಅಂದರೆ ಶಿಫ್ಟ್ ಬದಲಾಗುವಾಗ ಪೇಷಂಟ್‌ಗಳ ವಿವರವನ್ನು ಮುಂದಿನವರಿಗೆ ಒಪ್ಪಿಸುವುದು. ವಾರ್ಡ್ ನೋಡಿಕೊಳ್ಳುವ ಹಿರಿಯ ನರ್ಸ್, ಅಂದರೆ ಇನ್‌ಚಾರ್ಜ್, ಕೇಳಿದ್ದು ಒಂದೇ ಪ್ರಶ್ನೆ: "ನೀನು ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತಮ್ಮಾ?" ಮುಂದಿನ ತಿಂಗಳು ಈಕೆಗೆ 15 ನೈಟ್. ಜೊತೆಯವರು ಟೀಗೆ ಕರೆಯುವುದನ್ನೂ ಬಿಟ್ಟರು. ಗಂಡ, "ಊರ ಉಸಾಬರಿ ನಿನಗ್ಯಾಕೆ" ಅಂದರು. ಹಗಲು ಮಲಗಿದರೆ ಕಣ್ಣ ಮುಂದೆ ಆ ಅಜ್ಜನ ಹೊಟ್ಟೆ, ಆ ಹತ್ತಿ.

ಮೊದಲ ಎರಡು ಭೇಟಿ ನಿದ್ದೆಗೇ ಹೋಯಿತು. ಅದನ್ನು ಇಲ್ಲಿ ಬಿಡುತ್ತೇನೆ.

"ನಾನು ಇನ್‌ಚಾರ್ಜ್ ಆಗಿದ್ರೆ ಒಂದೇ ದಿನದಲ್ಲಿ ಸರಿ ಮಾಡ್ತಿದ್ದೆ" ಅನ್ನುವುದು ಅವರ ಪಲ್ಲವಿ. ಒಮ್ಮೆ ಕೇಳಿದೆ, "ಈಗಿನ ಇನ್‌ಚಾರ್ಜ್ ಹೇಳಿದ್ದೆಲ್ಲ ವಾರ್ಡಿನಲ್ಲಿ ನಡೆಯುತ್ತಾ?" ಮೊದಲ ಸಲ ನಕ್ಕರು. "ಎದುರಿಗೆ ಹೂಂ ಅಂತಾರೆ, ಅಷ್ಟೇ."

"ಆ ರಾತ್ರಿ ತಪ್ಪು ತಡೆದದ್ದು ಯಾರು?"

"ಅಜ್ಜನ ಸೊಸೆ."

"ಅವರಿಗೆ ಯಾವ ಪೋಸ್ಟ್ ಇತ್ತು?"

ಸಿಸ್ಟರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸೊಸೆ ದೂರು ಹೇಳಿರಲಿಲ್ಲ. ಕೂತಲ್ಲೇ ಒಂದು ಪ್ರಶ್ನೆ ಕೇಳಿದ್ದರು, ಸರಿಯಾದ ಹೊತ್ತಿಗೆ. ಮೀಟಿಂಗಿನ ಮಾತೂ ಸುಳ್ಳಲ್ಲ. ಆದರೆ ಅದಕ್ಕೆ ಹೌದು ಅನ್ನಬೇಕಾದರೆ ಅಲ್ಲಿದ್ದವರೆಲ್ಲ ಇನ್‌ಚಾರ್ಜ್ ಮುಂದೆ "ತಪ್ಪು ನಮ್ಮದೇ" ಅಂತಲೂ ಒಪ್ಪಬೇಕಿತ್ತು. ಯಾರು ಒಪ್ಪುತ್ತಾರೆ?

ಹಾಗಾದರೆ ನಿಮ್ಮ ಕೈಯಲ್ಲೇ ಇರುವುದು ಏನು ಅಂತ ಹುಡುಕಿದೆವು. ಬೆಳಿಗ್ಗೆ ಡೇ ಶಿಫ್ಟಿನವರಿಗೆ ಹ್ಯಾಂಡೋವರ್ ಕೊಡುವವರು ಅವರೇ. ಅದನ್ನು ಚೆನ್ನಾಗಿ ಕೊಡಲು ಯಾರ ಪರ್ಮಿಷನ್ನೂ ಬೇಡ. ನರ್ಸಿಂಗ್‌ನಲ್ಲಿ ಎಸ್‌ಬಾರ್ (SBAR) ಎಂಬ ಕ್ರಮವಿದೆ: ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೇನನ್ನಿಸುತ್ತದೆ, ಮುಂದೇನು ಮಾಡಬೇಕು. ಅದು ಬಂದದ್ದು ಅಮೆರಿಕ ನೌಕಾಪಡೆಯ ಅಣು ಜಲಾಂತರ್ಗಾಮಿಗಳಿಂದ. 2000ದ ದಶಕದ ಶುರುವಿನಲ್ಲಿ ಕೈಸರ್ ಪರ್ಮನೆಂಟೆ ಎಂಬ ಅಲ್ಲಿನ ಆರೋಗ್ಯ ಸಂಸ್ಥೆ ಅದನ್ನು ಆಸ್ಪತ್ರೆಗೆ ಒಗ್ಗಿಸಿತು. ನನಗೆ ಇಷ್ಟ ಅದರ ಮೂರನೇ ಮೆಟ್ಟಿಲು. ನಿನಗೇನನ್ನಿಸುತ್ತೆ ಹೇಳು ಅಂತ ಆ ಕ್ರಮವೇ ಕಿರಿಯರನ್ನು ಕೇಳುತ್ತದೆ. ಹೇಳಿದರೆ ತಲೆಹರಟೆ ಆಗುವುದಿಲ್ಲ.

ರೂಮಿನಲ್ಲೇ ಅಭ್ಯಾಸ ಮಾಡಿದೆವು. ನನ್ನ ನೀರಿನ ಬಾಟಲಿ ಏಳನೇ ಬೆಡ್, ನಾನು ಡೇ ಸಿಸ್ಟರ್. "ಸೆವೆನ್, ಶುಗರ್ ಪೇಷಂಟ್. ರಾತ್ರಿ 8ಕ್ಕೆ ಇನ್ಸುಲಿನ್ ಆಗಿದೆ. ಬೆಳಿಗ್ಗೆ 6ಕ್ಕೆ ಶುಗರ್ 142. ನಿನ್ನೆ ಊಟ ಸರಿಯಾಗಿ ಮಾಡಿಲ್ಲ, ಇವತ್ತೂ ಮಾಡೋದು ಡೌಟು ಅನ್ಸುತ್ತೆ. ಬೆಳಗಿನ ಡೋಸ್ ಬಾಕಿ, ತಿಂಡಿ ಬಂದಿದೆಯಾ ನೋಡ್ಕೊಂಡು ಕೊಡಿ." ಅರ್ಧ ನಿಮಿಷವೂ ಆಗಲಿಲ್ಲ. ನಾನು ಸೇರಿಸಿದ್ದು ಇಷ್ಟೇ: ಟೇಬಲ್ ಹತ್ತಿರ ಬೇಡ, ಬೆಡ್ ಪಕ್ಕದಲ್ಲೇ ನಿಂತು ಹೇಳಿ. ಮನೆಯವರ ಕಿವಿಗೂ ಬೀಳಲಿ.

ಇನ್ನೊಂದು, ಲೆಕ್ಕ. ಮೇ 12ರ ನರ್ಸ್‌ಗಳ ದಿನಕ್ಕೆ ಮೇಣದಬತ್ತಿ ಹಿಡಿದು ಪ್ರತಿಜ್ಞೆ ಮಾಡುವ ಹುಡುಗಿಯರಿಗೆ ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ದೀಪ. ಆಕೆ ಲೆಕ್ಕದಲ್ಲೂ ಗಟ್ಟಿಗಿತ್ತಿ. 1854ರಲ್ಲಿ, ಕ್ರಿಮಿಯನ್ ಯುದ್ಧದ ಹೊತ್ತಿಗೆ, ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಹೋದವರು, ಗಾಯಕ್ಕಿಂತ ರೋಗಕ್ಕೆ ಸತ್ತ ಸೈನಿಕರೇ ಜಾಸ್ತಿ ಅಂತ 1858ರಲ್ಲಿ ಅಂಕಿಗಳನ್ನು ಚಿತ್ರ ಮಾಡಿ ತೋರಿಸಿದರು. ಆಗ ಬ್ರಿಟನ್ನಿನ ಹೆಂಗಸರಿಗೆ ಪಾರ್ಲಿಮೆಂಟಿಗೆ ವೋಟು ಹಾಕುವ ಹಕ್ಕೂ ಇರಲಿಲ್ಲ. ಸಿಸ್ಟರ್ ಒಂದು ಪುಟ್ಟ ಪುಸ್ತಕ ಇಟ್ಟರು. ಪೇಷಂಟ್ ಹೆಸರಿಲ್ಲ, ನರ್ಸ್ ಹೆಸರೂ ಇಲ್ಲ. ದಿನ, ಯಾವ ಮಾಹಿತಿ ಬಿಟ್ಟುಹೋಗಿತ್ತು, ಅಷ್ಟೇ.

ಇಲ್ಲಿ ನಾನೊಂದು ಎಡವಟ್ಟು ಮಾಡಿದೆ. ಎಸ್‌ಬಾರ್‌ನ ಆ ನಾಲ್ಕು ಸಾಲನ್ನು ದೊಡ್ಡದಾಗಿ ಬರೆದು ವಾರ್ಡಿನ ಬೋರ್ಡಿಗೆ ಹಾಕಿ ಅಂದೆ. ಎರಡೇ ದಿನದಲ್ಲಿ ಅದು ಕಸದ ಬುಟ್ಟಿಯಲ್ಲಿತ್ತು. ಬೋರ್ಡು ಇನ್‌ಚಾರ್ಜ್ ಅವರದು, ಅಲ್ವಾ? ಅವರನ್ನು ಕೇಳದೆ ಹಾಕಿದರೆ ಮೀಟಿಂಗಿನ ಜಗಳವೇ ಮತ್ತೆ. ಸಿಸ್ಟರ್‌ಗೆ ಸಾರಿ ಹೇಳಿದೆ.

ಆಮೇಲೆ ದಾರಿ ಬದಲಿಸಿದೆವು. ಮಧ್ಯಾಹ್ನ ಮೂರರ ಹೊತ್ತಿಗೆ ರೌಂಡ್ಸ್ ಮುಗಿದು ಇನ್‌ಚಾರ್ಜ್ ಒಬ್ಬರೇ ಕೂತು ಇಂಡೆಂಟ್ ಬರೆಯುತ್ತಾರಂತೆ. ಆಗ ಪುಸ್ತಕ ಹಿಡಿದು ಹೋಗಿ, ಕೇಳಿ ಅಂದೆ. ಸಿಸ್ಟರ್ ಹೋಗಿ ಕೇಳಿದರು: "ಅಕ್ಕಾ, ಒಂದು ತಿಂಗಳಿಂದ ಬರೆದಿಟ್ಟಿದ್ದೀನಿ, ಇನ್ಸುಲಿನ್ ಟೈಮೇ ಜಾಸ್ತಿ ಬಿಟ್ಟು ಹೋಗ್ತಿದೆ. ನಿಮ್ಮ ಕಾಲದಲ್ಲಿ ಹೇಗೆ ಮಾಡ್ತಿದ್ರಿ?" ಇಪ್ಪತ್ತೆರಡು ವರ್ಷ ಸರ್ವಿಸ್ ಆದ ಹೆಂಗಸು. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೇನೋ. ಮುಕ್ಕಾಲು ಗಂಟೆ ಮಾತಾಡಿದರಂತೆ.

ಎರಡು ಎಚ್ಚರಿಕೆಯನ್ನೂ ಕೊಟ್ಟಿದ್ದೆ. ನಿಜವಾಗಿ ತಪ್ಪು ಡೋಸ್ ಹೋದರೆ ಈ ನಿಧಾನದ ದಾರಿ ನಡೆಯುವುದಿಲ್ಲ. ತಕ್ಷಣ ಡ್ಯೂಟಿ ಡಾಕ್ಟರ್‌ಗೆ ಹೇಳಬೇಕು, ಅವತ್ತೇ ಬರೆದು ಕೊಡಬೇಕು, ಯಾರಿಗೆ ಬೇಜಾರಾದರೂ ಸರಿ. ಇನ್ನು ರಾತ್ರಿ ಇಡೀ ವಾರ್ಡಿಗೆ ಇಬ್ಬರೇ ನರ್ಸ್ ಅನ್ನುವುದು ಒಳ್ಳೆಯ ಮಾತಿನಿಂದ ಸರಿಹೋಗುವ ವಿಷಯವಲ್ಲ. ಅದಕ್ಕೆ ಎಲ್ಲರೂ ಸೇರಿ ಸಹಿ ಹಾಕಿ ಮ್ಯಾನೇಜ್‌ಮೆಂಟಿಗೆ ಕೊಡಬೇಕು. ಆ ಅರ್ಜಿ ಇನ್ನೂ ಆಗಿಲ್ಲ.

ಮುಂದಿನ ತಿಂಗಳು ಸಿಸ್ಟರ್ ಕೆಂಪು ಮುಖ ಮಾಡಿಕೊಂಡು ಬಂದರು. ಹ್ಯಾಂಡೋವರ್ ರಿಜಿಸ್ಟರಿನಲ್ಲಿ 'ಇನ್ಸುಲಿನ್ ಕೊಟ್ಟ ಸಮಯ' ಅಂತ ಹೊಸ ಕಾಲಂ ಬಂದಿದೆ, ಇನ್‌ಚಾರ್ಜ್ ತಮ್ಮದೇ ಐಡಿಯಾ ಅಂತ ಮೀಟಿಂಗಿನಲ್ಲಿ ಹೇಳಿದ್ದಾರೆ. "ನನ್ನ ಹೆಸರೇ ಎತ್ತಲಿಲ್ಲ ಮೇಡಂ!" ಪೂರ್ತಿ ಒಂದು ಗಂಟೆ ಅದರ ಮೇಲೇ ಕಳೆದೆವು. ದೊಡ್ಡ ಮನಸ್ಸು ಮಾಡಿ ಅಂತ ನಾನು ಹೇಳಲಿಲ್ಲ. ನೋವಾಗಿದೆ, ಆಗುವಂಥದ್ದೇ. ಅತ್ತರು, ಮೂಗೊರೆಸಿಕೊಂಡರು, ನೀರು ಕುಡಿದರು. ಕುಡಿದಿದ್ದು ಏಳನೇ ಬೆಡ್ಡಿನಿಂದ. ಅದು ಹೊಳೆದು ಇಬ್ಬರೂ ನಕ್ಕೆವು.

ಕೆಲಸ ಬಿಡುವ ಮಾತನ್ನು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ಅಂದರು, "ಈ ತಿಂಗಳು ಏಳೇ ನೈಟ್ ಹಾಕಿದ್ದಾರೆ."